ಬೇರು ಮೇಲಾದ ಕಳೆ

ತೇಆನ್ ಕಡಲ ದಂಡೆಯ ಮರಳುದಿಬ್ಬದಲ್ಲಿ ಆ ಬೆಳಿಗ್ಗೆ ಒಂಬತ್ತು ಗುಂಡಿಗಳು ಬಾಯಿ ತೆರೆದುಕೊಂಡಿದ್ದವು. ಹಿಂದಿನ ಸಂಜೆಯವರೆಗೆ ಅಲ್ಲಿ ಒಂಬತ್ತು ಕಾಡುಗುಲಾಬಿ ಪೊದೆಗಳಿದ್ದವು. ಮರಳನ್ನು ಹಿಡಿದಿಡುವ, ಆ ನೆಲದ ಸ್ವಂತ ಗಿಡಗಳು. ಒಂದು ಗುಂಡಿಯಲ್ಲಿ ಚುನ್ರೇಯ ಕೈಗುದ್ದಲಿ ಬಿದ್ದಿತ್ತು.

ದಿಬ್ಬದ ಉಸ್ತುವಾರಿಯ ಅಧಿಕಾರಿಗೆ ಅಷ್ಟೇ ಸಾಕಾಯಿತು. "ಪರದೇಶಿ ಕಳೆ ಕೀಳಿ ಅಂದ್ರೆ ಊರಿನ ಗಿಡಾನೇ ಕಿತ್ತಿದ್ದೀರಿ! ಮಧ್ಯಾಹ್ನ ಮೇಲಿನವರಿಗೆ ಬರೀತೀನಿ. ಇನ್ನು ಹೆಂಗಸರ ತಂಡ ಬೇಡ, ವಿಷ ಹೊಡೆಸ್ತೀವಿ."

ಚುನ್ರೇ ಹನ್ನೊಂದು ವರ್ಷದಿಂದ ಕಳೆ ಕೀಳುವ ಆ ತಂಡದ ಯಜಮಾನಿ. ವಿಷ ಬಿದ್ದರೆ ಕಳೆಯ ಜೊತೆ ದಿಬ್ಬವೂ ಬೋಳಾಗುತ್ತದೆಂದು ಅವಳಿಗೆ ಗೊತ್ತು. ಮರಳಲ್ಲಿ ಕುಸಿದು ಕೂತಳು. ತನ್ನ ಗಂಡನ ಕಾಲಿನ ಹುಣ್ಣು ಮಾಯುತ್ತಿಲ್ಲವೆಂದು ಹೋದ ಚಳಿಗಾಲ ತಂಡ ಬಿಟ್ಟಿದ್ದ ಯೊಂಜಾ ಓಡಿಬಂದು ಅವಳ ಬೆನ್ನು ಸವರಿದಳು.

ತಂಡದ ಮಾಲ್ಸುಕ್‌ಗೆ ಮಾತ್ರ ನಿಂತಲ್ಲಿ ನಿಲ್ಲಲಾಗಲಿಲ್ಲ. ಊರಲ್ಲಿ ಕೋಳಿ ಕಾಣೆಯಾದರೂ ಗಂಡ ಕಾಣೆಯಾದರೂ ಜನ ಹೋಗುತ್ತಿದ್ದದ್ದು ನೂಡಲ್ಸ್ ಅಂಗಡಿಯ ಬೊಕ್ಸುನ್ ಅಜ್ಜಿಯ ಬಳಿಗೆ. ಮಾಲ್ಸುಕ್ ಅಜ್ಜಿಯನ್ನು ಎಳೆದುಕೊಂಡೇ ಬಂದಳು.

"ನಿಧಾನ ಕಣೇ, ಗುಂಡಿ ಎಲ್ಲಿಗೂ ಓಡಿಹೋಗಲ್ಲ."

"ಗುಂಡಿ ಓಡಲ್ಲ ಅಜ್ಜಿ, ಹೊತ್ತು ಓಡುತ್ತೆ!"

ಗುಂಡಿಗಳ ಪಕ್ಕ ಹಳದಿ ಹೂವಿನ ಪರದೇಶಿ ಕಳೆ, ಆರೇಳು ಗಿಡ, ಬೇರು ಮೇಲಾಗಿ ಸಾಲಾಗಿ ಮಲಗಿದ್ದವು. ಬೇರಿನ ಮರಳನ್ನೂ ಕೊಡವಿದ್ದರು.

"ಇವನ್ನ ನೀವು ಕಿತ್ತಿದ್ದಾ?"

"ನಾವು ಹೀಗೆ ಬಿಡಲ್ಲ. ಹೋದ ವರ್ಷ ಒಣಗ್ಲಿ ಅಂತ ಹೀಗೇ ಇಡ್ತಿದ್ವಿ. ಆದ್ರೆ ಕಿತ್ತ ಮೇಲೂ ಬೀಜ ಬಲಿಯುತ್ತಂತೆ, ಈ ವಸಂತದಿಂದ ಎಲ್ಲಾ ಚೀಲಕ್ಕೇ. ಚುನ್ರೇ ಅಕ್ಕ ಬೈದು ಬೈದು ಕಲಿಸಿದ್ದಾಳೆ."

"ಗುದ್ದಲಿ ಎಲ್ಲಿಡ್ತೀರಿ?"

"ಆ ಗುಡಿಸಲಲ್ಲಿ. ಬೀಗ ಇಲ್ಲ, ಊರಿಗೆಲ್ಲಾ ಗೊತ್ತು. ಅಜ್ಜಿ, ಇದು ಬೇರು ವ್ಯಾಪಾರಿ ಮೋಕ್‌ದೇ ಕೆಲಸ. ಗುಲಾಬಿ ಬೇರಿನ ಕಷಾಯ ಸಕ್ಕರೆ ಕಾಯಿಲೆಗೆ ಅಂತ ಮಾರ್ತಾನೆ. ಮುಖ ನೋಡಿದ್ರೇ ಗೊತ್ತಾಗಲ್ವಾ?"

"ಮುಖ ನೋಡಿ ಹಿಡಿಯೋದಾದ್ರೆ ಮೊದಲು ನಿನ್ನನ್ನೇ ಹಿಡೀಬೇಕು."

ಮಧ್ಯಾಹ್ನಕ್ಕೆ ಮುಂಚೆ ಅಜ್ಜಿ ಮೋಕ್‌ನನ್ನೂ ಸೇರಿಸಿ ಎಲ್ಲರನ್ನೂ ತನ್ನ ಅಂಗಡಿಯಲ್ಲಿ ಕೂರಿಸಿದಳು. ಅಧಿಕಾರಿ ಗಡಿಯಾರ ನೋಡುತ್ತಿದ್ದ. ಮಾಲ್ಸುಕ್ ಬಾಗಿಲಿಗೂ ಒಲೆಗೂ ನಡುವೆ ಸುತ್ತುತ್ತಿದ್ದಳು.

"ಮೋಕ್ ಬಂದಿದ್ರೆ ಗುಲಾಬಿ ಅಗೆದು ಹೋಗ್ತಿದ್ದ. ಕಳೆ ಅವನ ಕಣ್ಣಿಗೇ ಬೀಳಲ್ಲ. ಇದು ಕಳೆ ಕಿತ್ತು ಪಳಗಿದ ಕೈ," ಎಂದಳು ಅಜ್ಜಿ.

"ನಾನು ಆಗಲೇ ಹೇಳಲಿಲ್ವಾ!" ಎಂದ ಮೋಕ್.

"ಸುಮ್ನೆ ತಿನ್ನಪ್ಪ, ನೂಡಲ್ಸ್ ಆರುತ್ತೆ."

"ಹಾಗಾದ್ರೆ ಚುನ್ರೇನೇ," ಎಂದ ಅಧಿಕಾರಿ.

"ಈ ವರ್ಷದ ತಂಡದವರ ಕೈ ತಾನಾಗೇ ಚೀಲ ಹುಡುಕುತ್ತೆ. ಆ ಪಾಠ ಹೇಳಿದವಳೇ ಚುನ್ರೇ. ಗುದ್ದಲಿ ಯಾರು ಬೇಕಾದ್ರೂ ತಗೋಬಹುದಿತ್ತು. ಬೇರು ಮೇಲೆ ಮಾಡಿಟ್ಟವಳು ಹೋದ ವರ್ಷ ತಂಡದಲ್ಲಿದ್ದು, ಚೀಲ ಬರೋ ಮುಂಚೆ ಬಿಟ್ಟವಳು. ಅಂಥವಳು ಒಬ್ಬಳೇ. ಅವಳ ಮನೇಲಿ ಮಾಯದ ಹುಣ್ಣು ಅಂದ್ರೆ ಸಕ್ಕರೆ ಕಾಯಿಲೆ ಇರಬೇಕು. ಅಲ್ವಾ ಯೊಂಜಾ?"

ಯೊಂಜಾ ತಲೆ ಎತ್ತಲಿಲ್ಲ. "ಸೋಮವಾರ ಆಸ್ಪತ್ರೇಲಿ ಅವರ ಕಾಲು ತೆಗೀತಾರಂತೆ. ಕಡೇದಾಗಿ ಕಷಾಯ ಕೊಟ್ಟು ನೋಡೋಣ ಅಂತ ಬೆಳಕು ಹರಿಯೋ ಹೊತ್ತಿಗೆ ಬಂದೆ. ಕೈಗೆ ಸಿಕ್ಕ ಗುದ್ದಲಿ ತಗೊಂಡೆ. ಯಾರೋ ಕೆಮ್ಮಿದ ಹಾಗಾಯ್ತು, ಬಿಟ್ಟು ಓಡಿದೆ."

"ಕದಿಯೋಕೆ ಬಂದವಳು ಕಳೆ ಯಾಕಮ್ಮ ಕಿತ್ತೆ?" ಎಂದ ಅಧಿಕಾರಿ.

"ನೋಡಿಕೊಂಡು ಸುಮ್ನೆ ಹೋಗೋಕೆ ಆಗ್ಲಿಲ್ಲ."

ಅಧಿಕಾರಿ ಮೇಲಿನವರಿಗೆ ಬರೆಯಲು ತಂದಿದ್ದ ಕಾಗದವನ್ನು ಮಡಿಚಿ ಜೇಬಿಗಿಟ್ಟುಕೊಂಡ. ಮಾಲ್ಸುಕ್‌ಗೆ ಖುಷಿಪಡಬೇಕೋ ಅಳಬೇಕೋ ತಿಳಿಯಲಿಲ್ಲ.

"ಕದ್ದು ಬಂದು ನನ್ನ ಬೆನ್ನು ಸವರ್ತಿದ್ದೆಯಲ್ಲೇ!" ಚುನ್ರೇ ಸಿಡಿದಳು. "ನನ್ನನ್ನ ಒಂದು ಮಾತು ಕೇಳಬಾರದಿತ್ತಾ?"

"ಕೇಳಿದ್ರೆ ಕೊಡ್ತಿದ್ದೆಯಾ ಅಕ್ಕ?"

ಚುನ್ರೇ ಸುಳ್ಳು ಹೇಳುವವಳಲ್ಲ. "ಇಲ್ಲ," ಎಂದಳು. "ಎಷ್ಟು ಕುದಿಸಿದೆ?"

"ಮೂರು. ಉಳಿದಿದ್ದು ಒದ್ದೆ ಗೋಣೀಲಿದೆ."

"ತಗೊಂಡು ಬಾ, ಬೇರು ಒಣಗೋಕೆ ಮುಂಚೆ ನೆಡೋಣ." ಚುನ್ರೇ ಬಾಗಿಲವರೆಗೆ ಹೋಗಿ ನಿಂತಳು. "ಸೋಮವಾರ ಎಷ್ಟು ಗಂಟೆಗೆ?"

"ಒಂಬತ್ತಕ್ಕೆ."

"ಒಬ್ಬಳೇ ಹೋಗಬೇಡ. ನಾನೂ ಬರ್ತೀನಿ," ಎಂದಳು ಚುನ್ರೇ. ಅವಳ ಸಿಟ್ಟು ಇನ್ನೂ ಇಳಿದಿರಲಿಲ್ಲ.