ಪೆಲ್ಬಿಯ ಮತ್ಸ್ಯಕನ್ಯೆ ಕಾಣೆ

ಬೆಳಗಿನ ಏಳಕ್ಕೆ ಡೋರಾ ಫೆನ್ ಮ್ಯೂಸಿಯಂ ಬಾಗಿಲು ತೆರೆದಳು. ಗೋಡೆಯಲ್ಲಿ ಎರಡು ಮೊಳೆಗಳಿದ್ದವು. ಮರದ ಮತ್ಸ್ಯಕನ್ಯೆ ಇರಲಿಲ್ಲ.

ಪೊರಕೆ ಹಿಡಿದೇ ಅವಳು ಓಡಿದ್ದು ಎದುರಿನ ಟೀ ಅಂಗಡಿಗೆ. ಪೆಲ್ಬಿಯಲ್ಲಿ ಕಳೆದ ಬೆಕ್ಕನ್ನೂ ಕಳೆದ ಗಂಡನನ್ನೂ ಹುಡುಕಿಕೊಡುವವಳು ಅಂಗಡಿಯ ಹೆಟ್ಟಿ ಕ್ರಾಗ್.

"ಕೀಲಿ ಎಲ್ಲಿತ್ತು?"

"ಹೂಕುಂಡದ ಕೆಳಗೇ."

"ಅಂದ್ರೆ ಊರಿಗೆಲ್ಲ ಗೊತ್ತು. ಒಳ್ಳೆ ಕಾವಲು ಕಣೇ."

"ನಗಬೇಡ ಹೆಟ್ಟಿ. ಶನಿವಾರ ಜನ ನೋಡೋಕೆ ಬರ್ತಾರೆ, ಅಷ್ಟರೊಳಗೆ ಸಿಗದಿದ್ರೆ ನನ್ನ ಕೆಲಸ ಹೋಯ್ತು."

ಪೆಲ್ಬಿ ಒಂದು ಕಾಲಕ್ಕೆ ಇಪ್ಪತ್ತು ದೋಣಿಗಳ ಹಳ್ಳಿ. ಪಟ್ಟಣ ಬೀದಿಬೀದಿಯಾಗಿ ನಡೆದುಬಂದು ಅದನ್ನು ನುಂಗಿತು. ಅರಗಿಸಿಕೊಳ್ಳಲು ಮಾತ್ರ ಆಗಲಿಲ್ಲ. ಇಲ್ಲಿಯವರು ಇಂದಿಗೂ ಬಸ್ಸು ಹತ್ತುವಾಗ 'ಪಟ್ಟಣಕ್ಕೆ ಹೋಗ್ಬರ್ತೀವಿ' ಅನ್ನುತ್ತಾರೆ. ಆ ಹೆಮ್ಮೆಯ ಬೇರು ಮತ್ಸ್ಯಕನ್ಯೆ. ಬಿರುಗಾಳಿಗೆ ಒಡೆದ ಹಡಗೊಂದರ ಮೂತಿಗೆ ಕೂರಿಸಿದ್ದ ಗೊಂಬೆ ಅದು. ಹಡಗಿನವರನ್ನು ಉಳಿಸಿದ್ದಕ್ಕೆ ಪೆಲ್ಬಿಯ ಅಜ್ಜಂದಿರಿಗೆ ಸಿಕ್ಕ ಉಡುಗೊರೆ. ಊರಿನ ಇತಿಹಾಸ ಬರೆದ ಕ್ಲಾರೆನ್ಸ್ ವಿಟ್ಲೋ ಹಾಗಂತ ಅಚ್ಚು ಹಾಕಿಸಿದ್ದರು.

*

ಮೊದಲ ಅನುಮಾನ ಪಟ್ಟಣದ ಮ್ಯೂಸಿಯಂ ಅಧಿಕಾರಿಯ ಮೇಲೆ. ಗೊಂಬೆಯನ್ನು ಎರಡು ಸಲ ಕೇಳಿದ್ದ. ಹೆಟ್ಟಿ ಫೋನ್ ಮಾಡಿದಳು.

"ಕಾಲು ಮುರ್ಕೊಂಡು ವಾರದಿಂದ ಮಲಗಿದೀನಮ್ಮಾ. ಗೊಂಬೆ ಹೊರೋದಿರ್ಲಿ, ನನ್ನನ್ನೇ ಇಬ್ಬರು ಹೊರ್ತಿದಾರೆ."

ಅಷ್ಟರಲ್ಲಿ ವಿಟ್ಲೋ ಟೀಗೆ ಬಂದರು. ಸುದ್ದಿ ಕೇಳಿ ತಲೆಯಾಡಿಸಿದರು.

"ಛೆ. ನಾನು ಆರಕ್ಕೆ ಮೂಗುಬಂಡೆ ಸುತ್ತಿ, ಮರಳಲ್ಲೇ ಮಾರ್ಸ್‌ವಿಕ್ ತನಕ ನಡೆದುಬಂದೆ. ಈ ಕಡೆ ಸುಳೀಲೇ ಇಲ್ಲ."

ಯಾರೂ ಕೇಳಿರಲಿಲ್ಲ. ಮೂಗುಬಂಡೆ ಸುತ್ತಿ ಪಕ್ಕದೂರು ಮಾರ್ಸ್‌ವಿಕ್‌ಗೆ ನಡೆಯಲು ಆಗುವುದು ಸಮುದ್ರ ಇಳಿದಾಗ ಮಾತ್ರ. ಅವರ ಒದ್ದೆಯಾಗದ ಬೂಟನ್ನು ಹೆಟ್ಟಿ ನೋಡಿದಳು. ಗೋಡೆಗೆ ತೂಗುಹಾಕಿದ್ದ ಉಬ್ಬರವಿಳಿತದ ವೇಳೆಗಳ ಪುಸ್ತಕ ನೋಡಿದಳು: ಇಳಿತ, ಆರು ಗಂಟೆ.

"ಡೋರಾ, ಇವತ್ತು ಗೊಂಬೆಗೆ ಏನು ಮಾಡೋದಿತ್ತು?"

"ಬೆನ್ನಿನ ಹಳೇ ಕಪ್ಪು ಬಣ್ಣ ಕೆರೆಯೋದು. ವಿಟ್ಲೋ ಅವ್ರು ಬೇಡ ಅಂತಿದ್ರು."

*

ತೀರದಲ್ಲಿ ಈಜುವವರ ಬಟ್ಟೆಬರೆಗೆಂದು ಸಾಲಾಗಿ ನಿಂತ ಮರದ ಕೋಣೆಗಳಲ್ಲಿ ನೀಲಿಯದು ವಿಟ್ಲೋ ಅವರದು. ಹೆಟ್ಟಿ ಇಬ್ಬರನ್ನೂ ನೇರ ಅಲ್ಲಿಗೇ ಕರೆತಂದಳು.

"ಬಾಗಿಲು ತೆಗೀರಿ ವಿಟ್ಲೋ ಅವ್ರೇ," ಎಂದಳು ಹೆಟ್ಟಿ. "ಪುಸ್ತಕ ನಡೆಯೋದು ಚಳಿಗಾಲದ ಗಡಿಯಾರದಲ್ಲಿ. ಹೋದ ಭಾನುವಾರ, ವರ್ಷಾ ವರ್ಷ ಮಾಡೋ ಹಾಗೆ, ಬೇಸಿಗೆಗೆ ಅಂತ ಊರೆಲ್ಲ ಗಡಿಯಾರದ ಮುಳ್ಳು ಒಂದು ಗಂಟೆ ಮುಂದೆ ತಿರುಗಿಸ್ತು. ಹಾಗಾಗಿ ಇವತ್ತು ಇಳಿತ ಏಳಕ್ಕೆ. ಆರಕ್ಕೆ ಮೂಗುಬಂಡೆ ಹತ್ರ ಸೊಂಟದ ತನಕ ನೀರು. ನಿಜವಾಗಿ ನಡೆದಿದ್ರೆ ನಿಮಗೆ ಗೊತ್ತಾಗ್ತಿತ್ತು. ಮನೇಲಿ ಕೂತು, ಪುಸ್ತಕ ನೋಡಿ ಕತೆ ಕಟ್ಟಿದ್ರಿ."

ವಿಟ್ಲೋ ಬಾಗಿಲು ತೆರೆದರು. ಟವೆಲ್ಲುಗಳ ಕೆಳಗೆ ಮತ್ಸ್ಯಕನ್ಯೆ ಬೋರಲು ಮಲಗಿದ್ದಳು. ಬಣ್ಣ ಕೆರೆದ ಕಡೆ ಅಕ್ಷರಗಳು: 'ಮಾರ್ಸ್‌ವಿಕ್ ದೋಣಿಗಾರರಿಗೆ, ಪ್ರಾಣ ಉಳಿಸಿದ್ದಕ್ಕೆ.'

"ಮೊನ್ನೆ ಒಂದು ಮೂಲೆ ಕೆರೆದು ನೋಡ್ದೆ," ಎಂದರು ವಿಟ್ಲೋ. "ನಲವತ್ತು ವರ್ಷ ಊರಿಗೆ ಸುಳ್ಳು ಹೇಳಿದೀನಿ. ನಮ್ಮಜ್ಜಂದಿರು ಯಾರನ್ನೂ ಉಳಿಸಿಲ್ಲ. ಇವಳನ್ನ ಕದ್ದು ತಂದಿದಾರೆ."

"ಅಂತೂ ನೀವು ಮನೆತನದ ಕಸುಬು ಬಿಟ್ಟಿಲ್ಲ," ಎಂದಳು ಡೋರಾ. ಅವಳಿಗೆ ನಗು ತಡೆಯಲಾಗಲಿಲ್ಲ. ಕೊನೆಗೆ ವಿಟ್ಲೋ ಅವರಿಗೂ.

*

ಶನಿವಾರ ವಿಟ್ಲೋ ಕೈಯಾರೆ ಬರೆದ ಹೊಸ ಫಲಕ ಬಂತು: 'ಪೆಲ್ಬಿಯವರು ಮಾರ್ಸ್‌ವಿಕ್‌ನಿಂದ ಕದ್ದದ್ದು.' ಜನ ಬೀದಿಯವರೆಗೆ ಸಾಲುಗಟ್ಟಿದರು. ಡೋರಾಳ ಕೆಲಸ ಉಳಿಯಿತು. ಹೂಕುಂಡ ಮಾತ್ರ ಜಾಗ ಬದಲಿಸಿತು.

ಮಧ್ಯಾಹ್ನ ಟೀ ಅಂಗಡಿಗೆ ಫೋನ್ ಬಂತು. ಡೋರಾ ಅದನ್ನು ಅಂಗೈಯಿಂದ ಮುಚ್ಚಿ ಪಿಸುಗುಟ್ಟಿದಳು.

"ಮಾರ್ಸ್‌ವಿಕ್‌ಗೆ ಹೊಸದಾಗಿ ಬಂದ ಊರಸಂಘದ ಕಾರ್ಯದರ್ಶಿ ಕಣೇ. ನಾಳೆ ಮರಳಲ್ಲೇ ನಡ್ಕೊಂಡು ಬಂದು ಗೊಂಬೆ ಒಯ್ತಾರಂತೆ. ಇಳಿತ ಎಷ್ಟು ಹೊತ್ತಿಗೆ ಅಂತ ಕೇಳ್ತಿದಾರೆ."

ಹೆಟ್ಟಿ ಟೀ ಸೋಸುತ್ತಲೇ ಹೇಳಿದಳು.

"ಪುಸ್ತಕದಲ್ಲಿ ಏನಿದೆಯೋ ಅದನ್ನೇ ಓದಿ ಹೇಳು."