ಒಂದೇ ಕಾಪಿಯ ಮದುವೆ ಕಾರ್ಡ್

ಗುರುವಾರ ಬೆಳಿಗ್ಗೆ ಹತ್ತೂಮುಕ್ಕಾಲಿಗೆ ಅಕ್ಕತಂಗಿಯರಿಬ್ಬರು ಠಾಣೆಯ ಮೆಟ್ಟಿಲು ಹತ್ತಿದರು. ಅಕ್ಕ ಮದುವೆ, ಹುಟ್ಟುಹಬ್ಬದ ಆಮಂತ್ರಣ ಪತ್ರಿಕೆಗಳನ್ನು ವಿನ್ಯಾಸ ಮಾಡಿಕೊಡುವವಳು. ಬೀದಿಯಲ್ಲೆಲ್ಲ ಅವಳಿಗೆ ಕಾರ್ಡಕ್ಕ ಎಂದೇ ಹೆಸರು. ಅವಳ ಕೈಯಲ್ಲಿ ಮದುವೆ ಕಾರ್ಡಿನ ಕರಡೊಂದಿತ್ತು.

ಠಾಣೆಯಲ್ಲಿ ಎಲ್ಲರೂ ‘ಮೀಸೆ’ ಎನ್ನುವ ಹೆಡ್ ಕಾನ್‌ಸ್ಟೆಬಲ್ ಅದನ್ನು ನೋಡಿ ನಕ್ಕ.

“ಏನಮ್ಮ, ಮದುವೆಗೆ ಕರೆಯೋಕೆ ಬಂದ್ರಾ? ಊಟ ಎಷ್ಟು ಹೊತ್ತಿಗೆ?”

“ಕಂಪ್ಲೇಂಟ್ ಕೊಡೋಕೆ ಬಂದಿದ್ದೀವಿ,” ಎಂದಳು ತಂಗಿ.

“ಯಾರ ಮೇಲೆ? ಕಾರ್ಡ್ ಮೇಲಾ?”

ನಗುವುದು ಸುಲಭ. ಹೆದರಿ ಬಂದವರನ್ನು ಕಂಡು ನಗುವುದು ಇನ್ನೂ ಸುಲಭ. ಒಳಕೋಣೆಯಿಂದ ಇನ್‌ಸ್ಪೆಕ್ಟರ್ ಎದ್ದು ಬರದಿದ್ದರೆ ಆ ದೂರು ಮೇಜಿನ ಮುಂದೆಯೇ ಸಾಯುತ್ತಿತ್ತು. ಅವರು ಕರಡನ್ನು ಕೈಗೆ ತೆಗೆದುಕೊಂಡರು.

“ಕೂತ್ಕೊಳ್ಳಿ. ಮೊದಲಿಂದ ಹೇಳಿ.”

ಎರಡು ವಾರದ ಹಿಂದೆ ಗುರುತಿಲ್ಲದ ನಂಬರಿನಿಂದ ಆರ್ಡರ್ ಬಂದಿತ್ತು. ಎಲ್ಲವೂ ಮೆಸೇಜಿನಲ್ಲೇ. ದಪ್ಪ ಕಾಗದ, ಕವರಿನ ಮೇಲೆ ಅರಗಿನ ಮುದ್ರೆ, ಸುತ್ತ ಹೂವಿನ ಅಂಚು. ಅಂಚು ಹೀಗೇ ಇರಬೇಕೆಂದು ಪೆನ್ಸಿಲಿನಲ್ಲಿ ಬರೆದ ಚಿತ್ರದ ಫೋಟೋ. ಮದುವೆ ಈ ಭಾನುವಾರ. ಹೆಸರು ಆಮೇಲೆ.

“ಎಷ್ಟು ಕಾಪಿ?”

“ಒಂದೇ.”

“ಒಂದೇ ಕಾಪಿ ಯಾರು ಮಾಡಿಸ್ತಾರೆ?”

“ನೆನಪಿಗೆ ಇಟ್ಕೊಳ್ಳೋಕೆ ಇರಬೇಕು ಅಂದ್ಕೊಂಡೆ ಮೇಡಂ.”

ಆ ಬೆಳಿಗ್ಗೆ ಅಕ್ಕನ ಹೆಗಲ ಮೇಲಿಂದ ಕಂಪ್ಯೂಟರಿಗೆ ಇಣುಕಿದ ತಂಗಿ, “ಅಕ್ಕಾ, ಇದು ನಮ್ಮ ಕಿಟಕಿ ಅಲ್ವಾ?” ಎಂದಿದ್ದಳು. ಸಾಲಾಗಿ ಕಬ್ಬಿಣದ ಹೂಗಳು, ಕೊನೆಯ ಹೂವಿಗೆ ಒಂದು ಎಸಳಿಲ್ಲ. ಎರಡು ವಾರ ಕೂತು, ಒಂದೊಂದೇ ಗೆರೆ ತಿದ್ದಿ, ಕಾರ್ಡಕ್ಕ ತಾನು ಮಲಗುವ ಕೋಣೆಯ ಕಿಟಕಿಯ ಗ್ರಿಲ್ಲನ್ನೇ ಚೆಂದ ಮಾಡುತ್ತಿದ್ದಳು. ಇಬ್ಬರೂ ಅದನ್ನೇ ನೋಡುತ್ತಿರುವಾಗಲೇ ಹೆಸರುಗಳ ಮೆಸೇಜೂ ಬಂತು. ವಧುವಿನ ಹೆಸರು ಅವಳದೇ. ವರನ ಹೆಸರಿನ ಮುಂದೆ ಹೀಗಿತ್ತು: ನಿಮಗೆ ಗೊತ್ತಿರೋದೇ.

“ಯಾರು ಅದು?”

“ದೇವರಾಣೆ ಗೊತ್ತಿಲ್ಲ ಮೇಡಂ.”

ತಂಗಿ ದನಿ ತಗ್ಗಿಸಿದಳು. “ಚಿತ್ರದಲ್ಲಿ ಮುರಿದ ಎಸಳು ಎಡಗಡೆ ಇದೆ. ಹೊರಗಡೆ ನಿಂತು ನೋಡಿದ್ರೆ ಅದು ಬಲಗಡೆ ಕಾಣುತ್ತೆ. ಎಡಗಡೆ ಕಾಣೋದು ಒಳಗಿಂದ ಮಾತ್ರ. ನಮ್ಮ ಮಂಚದ ಹತ್ರ ನಿಂತ್ರೆ.”

ಮೀಸೆಯ ನಗು ನಿಂತಿತು.

ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಇಬ್ಬರು ಪಂಚರನ್ನು ಕರೆದುಕೊಂಡು ಇನ್‌ಸ್ಪೆಕ್ಟರ್ ಆ ಮನೆ ತಲುಪಿದರು. ಮೀಸೆ ಮಂಚದ ಕೆಳಗೆ, ಬೀರುವಿನ ಹಿಂದೆ, ಬಚ್ಚಲಲ್ಲಿ ನೋಡಿ “ಯಾರೂ ಇಲ್ಲ” ಎನ್ನುವವರೆಗೂ ತಂಗಿ ಹೊಸ್ತಿಲು ದಾಟಲಿಲ್ಲ. ಅವಳದೇ ಮನೆ ಅದು.

ಮುಂಬಾಗಿಲ ಬೀಗ ಸರಿಯಿತ್ತು. ಕಿಟಕಿಯ ಒಳಗಟ್ಟೆಯ ಮೇಲೆ ಧೂಳು ಕೂತಿತ್ತು, ಮೂಲೆಯಲ್ಲಿ ಜೇಡ ಬಲೆ ಕಟ್ಟಿತ್ತು. ಅಲ್ಲಿಂದ ಯಾರೂ ಒಳಗೆ ಬಂದಿರಲಿಲ್ಲ.

“ಮೇಡಂ, ಸ್ವಲ್ಪ ಬನ್ನಿ,” ಮೀಸೆ ಹಿಂದಿನ ಓಣಿಯಿಂದ ಕೂಗಿದ. ದನಿ ಬದಲಾಗಿತ್ತು.

ಕಿಟಕಿಯ ಕೆಳಗೆ ಒಂದರ ಮೇಲೊಂದು ಎರಡು ಇಟ್ಟಿಗೆ. ಗ್ರಿಲ್ಲನ್ನು ಗೋಡೆಗೆ ಹಿಡಿದಿದ್ದ ಎಂಟು ಸ್ಕ್ರೂಗಳಲ್ಲಿ ಒಂದನ್ನು ಮೀಸೆ ಉಗುರಿನಿಂದ ಕೆರೆದ. ಅದು ಪುಡಿಯಾಗಿ ಉದುರಿತು. ಮೇಲೆ ಕಪ್ಪು ಬಣ್ಣ, ಒಳಗೆ ಗಾಢ ಕೆಂಪು. ಇನ್ನೊಂದನ್ನು ಕೆರೆದ. ಅದೂ ಅಷ್ಟೇ. ಎಂಟರಲ್ಲಿ ಆರು ಕಡೆ ಸ್ಕ್ರೂ ಇರಲಿಲ್ಲ, ತೂತಿಗೆ ಏನೋ ತುಂಬಿ ಸ್ಕ್ರೂವಿನಂತೆ ಬಣ್ಣ ಬಳಿದಿತ್ತು. ಒಳಗಿನಿಂದ ಕಾರ್ಡಕ್ಕ ಗ್ರಿಲ್ ಮುಟ್ಟಿದಳು. ಅದು ಅಲ್ಲಾಡಿತು.

“ಎಷ್ಟು ದಿನದಿಂದ ಹೀಗೆ ಮಲಗಿದ್ದೀವಿ?” ಎಂದು ತಂಗಿ ಕೇಳಿದಳು.

ಮೀಸೆ ತಲೆ ತಗ್ಗಿಸಿ ಪಂಚನಾಮೆ ಬರೆಯತೊಡಗಿದ.

ಇನ್‌ಸ್ಪೆಕ್ಟರ್ ಕೆಂಪು ಚೂರನ್ನು ಕಾರ್ಡಕ್ಕನ ಮೇಜಿನ ಮೇಲಿಟ್ಟರು. “ಇದೇನು?”

“ಅರಗು. ಕವರಿಗೆ ಮುದ್ರೆ ಒತ್ತೋದು. ನನ್ನ ಹತ್ರಾನೂ ಇದೆ.”

“ಮತ್ತೆ ಯಾರ ಹತ್ರ ಇರುತ್ತೆ?”

“ಕವರ್ ಮಾಡೋರು, ಪ್ರೆಸ್ಸಿನೋರು… ನಮ್ಮ ಕೆಲಸದೋರ ಹತ್ರ.”

ಮೇಜಿನ ಮೇಲೆ ಹಿತ್ತಾಳೆಯ ಚಿಕ್ಕ ಫಲಕವೊಂದಿತ್ತು. ಇನ್‌ಸ್ಪೆಕ್ಟರ್ ಎತ್ತಿ ಓದಲು ನೋಡಿದರು, ಆಗಲಿಲ್ಲ.

“ಇದ್ಯಾಕೆ ಉಲ್ಟಾ ಇದೆ?”

“ಅಚ್ಚು ಮೇಡಂ. ಉಲ್ಟಾ ಕೆತ್ತಿದ್ರೇನೇ ಕಾಗದದ ಮೇಲೆ ಸರಿಯಾಗಿ…”

ಕಾರ್ಡಕ್ಕನ ಮಾತು ಅಲ್ಲೇ ನಿಂತಿತು. ಇಬ್ಬರೂ ಏಕಕಾಲಕ್ಕೆ ಪೆನ್ಸಿಲ್ ಚಿತ್ರದ ಫೋಟೋ ನೋಡಿದರು. ಅದನ್ನು ಬರೆದವನು ಒಳಗೆ ಬಂದಿರಲಿಲ್ಲ. ಹೊರಗೆ, ಇಟ್ಟಿಗೆ ಮೇಲೆ ನಿಂತು ನೋಡಿ, ಕೈಗೆ ಅಂಟಿದ ರೂಢಿಯಂತೆ ತಿರುಗಿಸಿ ಬರೆದಿದ್ದ.

“ಇದನ್ನ ಕೆತ್ತೋದು ಯಾರು?”

“ಅಚ್ಚಿನವರು. ಕೈಯಲ್ಲೇ ಕೆತ್ತೋರು ಊರಲ್ಲಿ ಅವರೊಬ್ಬರೇ. ತುಂಬ ಸಾಧು ಮೇಡಂ, ತಲೆ ಎತ್ತಿ ಮಾತಾಡೋರಲ್ಲ.”

ಮೂರು ಗಂಟೆಗೆ ಅವನ ಅಂಗಡಿ. ಗಾಡಿಯ ಅಗಲದ ಕೋಣೆ, ನೆಲದ ತುಂಬ ಹಿತ್ತಾಳೆ ಪುಡಿ. ನಲವತ್ತರ ಆಸುಪಾಸಿನ ಗಂಡಸು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬಾಗಿ ಕೂತಿದ್ದ. ಗೋಡೆಯ ಮೊಳೆಗೆ ಇಸ್ತ್ರಿ ಮಾಡಿದ ಹೊಸ ಬಟ್ಟೆ ನೇತುಹಾಕಿತ್ತು. ಬಾಗಿಲ ಹೊರಗೆ ನಿಂತ ಮೀಸೆ ಆರ್ಡರ್ ಬಂದ ನಂಬರಿಗೆ ಕರೆ ಮಾಡಿದ. ಮೇಜಿನ ಡ್ರಾಯರಿನೊಳಗೆ ಏನೋ ಗುಂಯ್‌ಗುಟ್ಟಿತು.

“ಎತ್ತಲ್ವಾ?” ಎಂದರು ಇನ್‌ಸ್ಪೆಕ್ಟರ್.

ಅವನು ಭೂತಗನ್ನಡಿ ತೆಗೆದ. ಖಾಕಿ ಕಂಡು ಬೆಚ್ಚಲಿಲ್ಲ. ಮುಖ ಅರಳಿತು.

“ಕಾರ್ಡ್ ಆಯ್ತಂತಾ ಮೇಡಂ?”

ಮೀಸೆ ಒಳಗೆ ಬಂದು ಬಾಗಿಲಿಗೆ ಅಡ್ಡ ನಿಂತ.

“ಸ್ಕ್ರೂ ಬಿಚ್ಚಿದ್ದು ನೀನಾ?”

“ಹೌದು.”

“ಯಾಕೆ?”

“ಭಾನುವಾರಕ್ಕೆ.”

“ಅದಕ್ಕೆ ಮುಂಚೆ ಒಳಗೆ ಹೋಗಿದ್ಯಾ?”

“ಛೆ. ಮದುವೆಗೆ ಮುಂಚೆ ಹೋಗೋದು ತಪ್ಪಲ್ವಾ ಮೇಡಂ?”

“ಯಾವ ಮದುವೆ? ಯಾರು ಒಪ್ಪಿದ್ರು?”

ಅವನು ಕೆಳಗಿನ ಡ್ರಾಯರ್ ಎಳೆದ. ಒಳಗೆ ಹತ್ತಿಯ ಮೇಲೆ ಸಾಲಾಗಿ ಮಲಗಿಸಿದ ಹಿತ್ತಾಳೆ ಅಚ್ಚುಗಳು, ಒಂದೊಂದೂ ಒರೆಸಿ ಹೊಳೆಯುತ್ತಿದ್ದವು. ಮೀಸೆ ಒಂದನ್ನು ಮಸಿಗೆ ಅದ್ದಿ ಕಾಗದಕ್ಕೆ ಒತ್ತಿದ. ಕಾರ್ಡಕ್ಕನ ಹೆಸರು, ಪಕ್ಕದಲ್ಲಿ ಇವನ ಹೆಸರು. ಇನ್ನೊಂದು ಒತ್ತಿದ. ಅಕ್ಷರದ ಮಾದರಿ ಬೇರೆ, ಹೆಸರು ಅವೇ ಎರಡು.

“ನಾಲ್ಕು ವರ್ಷದಿಂದ ಅವರೇ ಬರೆದು ಕಳಿಸ್ತಿದ್ದಾರೆ. ಮೊದಮೊದಲು ನಾನು ನಂಬ್ಲಿಲ್ಲ. ಹೆಣ್ಣು ಎಷ್ಟು ಸಲ ಬರೀಬೇಕು ಮೇಡಂ? ನಾನೂ ಹೂಂ ಅನ್ನಬೇಡ್ವಾ?”

“ಒಂದು ಸಲನಾದ್ರೂ ಅವಳನ್ನ ಕೇಳಿದ್ಯಾ?”

“ಕೇಳೋದೇನು? ಬರೆದಿದ್ದಾರಲ್ಲ.”

ಮೂರೂವರೆಗೆ ದಸ್ತಗಿರಿಯಾಯಿತು. ಜೀಪು ಹತ್ತುವಾಗ ಅವನು ಹಿಂತಿರುಗಿ ಕೇಳಿದ್ದು ಒಂದೇ ಮಾತು: ಆ ಹೊಸ ಬಟ್ಟೆ ತರಲೇ?

ಸಂಜೆ ಇನ್‌ಸ್ಪೆಕ್ಟರ್ ಅಚ್ಚೊತ್ತಿದ ಆ ಕಾಗದವನ್ನು ಕಾರ್ಡಕ್ಕನ ಮುಂದಿಟ್ಟರು. ಅವಳು ಹತ್ತಿರಕ್ಕೆ ಎಳೆದುಕೊಂಡು ನೋಡಿದಳು.

“ಇದು ಸ್ಯಾಂಪಲ್ ಮೇಡಂ. ಹೊಸ ಡಿಸೈನು ಗಿರಾಕಿಗೆ ತೋರ್ಸೋವಾಗ ಯಾವ್ದಾದ್ರೂ ಹೆಸರು ಹಾಕ್ಬೇಕಲ್ಲ. ಹೆಣ್ಣಿಗೆ ನಂದೇ ಹಾಕ್ದೆ. ಗಂಡಿಗೆ… ಆವತ್ತು ಮೇಜಿನ ಮೇಲೆ ಅಚ್ಚು ಬಂದ ಡಬ್ಬಿ ಇತ್ತು. ಅದರ ಮೇಲಿದ್ದ ಹೆಸರು ಸಾಲಲ್ಲಿ ಚೆನ್ನಾಗಿ ಕೂತ್ಕೊಳ್ತು. ಆಮೇಲೆ ಬದಲಾಯಿಸೋಕೆ ಹೋಗ್ಲಿಲ್ಲ, ಪ್ರತಿ ಹೊಸ ಡಿಸೈನನ್ನೂ ಅದೇ ಹೆಸರಲ್ಲಿ ಅಚ್ಚಿಗೆ ಕಳಿಸ್ತಿದ್ದೆ.”

“ಅವನ ಹೆಸರು ಅಂತ ಗೊತ್ತಿತ್ತಾ?”

“ಮರ್ತೇ ಹೋಗಿತ್ತು. ನಾನು ಅವರನ್ನ ಅಚ್ಚಿನವರು ಅಂತಾನೇ ಕರೆಯೋದು.” ಅವಳು ಕಾಗದವನ್ನು ಮಗುಚಿ ಇಟ್ಟಳು. “ಒಂದು ಹೆಸರು ಬೇಕಿತ್ತು ಮೇಡಂ. ಅಷ್ಟೇ.”

“ನೀವ್ಯಾಕಮ್ಮ ನಿಮ್ಮ ಹೆಸರು ಹಾಕೋಕೆ ಹೋದ್ರಿ?” ಎಂದ ಮೀಸೆ.

“ರೀ,” ಇನ್‌ಸ್ಪೆಕ್ಟರ್ ತಲೆ ಎತ್ತಲಿಲ್ಲ. “ಸ್ಕ್ರೂ ಬಿಚ್ಚಿದ್ದು ಅವಳಾ?”

ಮೀಸೆ ಅಚ್ಚುಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿ ಸೀಲು ಮಾಡತೊಡಗಿದ.

ಮುಂದೆ ದೋಷಾರೋಪ ಪಟ್ಟಿ ಬರೆಯುವಾಗ ಇನ್‌ಸ್ಪೆಕ್ಟರ್ ಕೃತ್ಯದ ಕಾರಣವನ್ನು ‘ಮಾದರಿ ಪತ್ರಿಕೆಯ ಹೆಸರನ್ನು ಸಮ್ಮತಿಯೆಂದು ತಪ್ಪು ತಿಳಿದು’ ಎಂದು ಆರಂಭಿಸಿದರು. ಪೆನ್ನು ನಿಂತಿತು. ‘ತಪ್ಪು ತಿಳಿದು’ ಎಂಬುದನ್ನು ಹೊಡೆದುಹಾಕಿ, ‘ತಾನೇ ನಿರ್ಧರಿಸಿಕೊಂಡು, ಒಮ್ಮೆಯೂ ಆಕೆಯನ್ನು ಕೇಳದೆ’ ಎಂದು ಬರೆದರು.

ಗ್ರಿಲ್ಲಿಗೆ ಈಗ ವೆಲ್ಡಿಂಗ್ ಆಗಿದೆ. ಆದರೂ ಅಕ್ಕತಂಗಿಯರು ಮಂಚವನ್ನು ಆ ಗೋಡೆಯಿಂದ ಈಚೆ ಎಳೆದುಕೊಂಡಿದ್ದಾರೆ. ಮೊನ್ನೆ ಕಾರ್ಡ್ ನೋಡಲು ಬಂದ ಗಿರಾಕಿಯೊಬ್ಬಳು, “ಹೆಸರಿನ ಜಾಗ ಖಾಲಿ ಇದ್ಯಲ್ಲ, ಯಾವ್ದಾದ್ರೂ ಹಾಕಿ ತೋರ್ಸಿ,” ಎಂದಳು.

ಕಾರ್ಡಕ್ಕ ಪೆನ್ಸಿಲನ್ನು ಅವಳ ಕಡೆಗೆ ತಳ್ಳಿದಳು.

“ನಿಮ್ಮದು ನೀವೇ ಬರೀರಿ,” ಎಂದಳು. ಅವಳ ಕಣ್ಣು ಮಾತ್ರ ಕಿಟಕಿಯ ಮೇಲಿತ್ತು.