ಸಾಹುಕಾರ ಬಿಚ್ಚಿಸಿದ ಕಂಬಿ

ಹಿಂದಿನ ಗಾಜು ಚೂರುಚೂರಾಯಿತು! ಗುಂಡು ನನ್ನ ಕಿವಿಯ ಪಕ್ಕದಲ್ಲೇ ಹಾದುಹೋಯಿತು.

"ಅತ್ತೆ, ತಲೆ ತಗ್ಗಿಸಿ!"

"ತಗ್ಗಿಸೋಕೆ ಸೊಂಟ ಬಿಡ್ಬೇಕಲ್ಲ ಅಳಿಯಂದ್ರೇ! ಇದೇನು ಕಾರೋ, ಕುಟ್ಟೋ ಒರಳೋ?"

ಹಿಂದೆ ಎತ್ತರದ ಕರಿ ಜೀಪು. ಅದರೊಳಗೆ ಕ್ರಷರ್ ಸಾಹುಕಾರ, ಜೊತೆಗೆ ಇಬ್ಬರು ದಾಂಡಿಗರು. ತನ್ನ ಪಾಲುದಾರನನ್ನು ಕ್ವಾರಿಯ ಹೊಂಡಕ್ಕೆ ತಳ್ಳಿ ಸಾಯಿಸಿ, ಜಾಮೀನಿನ ಮೇಲೆ ಹೊರಗಿದ್ದ ಆಸಾಮಿ ಈ ಸಾಹುಕಾರ. ಕ್ವಾರಿಗೆ ಎದುರಾಗಿರುವ ತಮ್ಮ ಮನೆಯ ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದ ನಮ್ಮತ್ತೆ ಅದನ್ನು ಕಣ್ಣಾರೆ ಕಂಡಿದ್ದರು. ಇರುವುದು ಅವರೊಬ್ಬರೇ ಸಾಕ್ಷಿ. ಇವತ್ತು ಅವರು ಕೋರ್ಟು ಮುಟ್ಟದಿದ್ದರೆ ಕೇಸು ಖತಂ!

ಕಾಸು ಕೊಟ್ಟವರಿಗೆ ಕಾವಲು ನಿಂತು ಅವರ ತಲೆನೋವು ಕಳೆಯುವುದೇ ನನ್ನ ಕಸುಬು. ಆದರೆ ಸ್ವಂತ ಅತ್ತೆಯನ್ನು ಕಾಯುವ ಕೆಲಸ... ಶತ್ರುವಿಗೂ ಬೇಡ ಸ್ವಾಮಿ!

ಗುಂಡಿ... ಗುಂಡಿ... ಮತ್ತೆ ಗುಂಡಿ!

ನನ್ನ ಕಾರಿಗೆ ದಪ್ಪನೆಯ ಸ್ವೇ ಬಾರ್ ಹಾಕಿಸಿದ್ದೆ. ಎಡಚಕ್ರಕ್ಕೂ ಬಲಚಕ್ರಕ್ಕೂ ನಡುವಿನ ಉಕ್ಕಿನ ಕಂಬಿ ಅದು. ತಿರುವಿನಲ್ಲಿ ಗಾಡಿಯನ್ನು ವಾಲಲು ಬಿಡುವುದಿಲ್ಲ. ಆದರೆ ಒಂದು ಚಕ್ರ ಗುಂಡಿಗೆ ಬಿದ್ದರೆ ಇನ್ನೊಂದನ್ನೂ ಎಳೆದಾಡುತ್ತದೆ. ಕೂತವರ ಸೊಂಟಕ್ಕೆ ದೇವರೇ ಗತಿ!

ಜೀಪು ಮಾತ್ರ ತೊಟ್ಟಿಲಿನಂತೆ ತೂಗುತ್ತಾ ಹತ್ತಿರವಾಗುತ್ತಿತ್ತು. ಕಾರಣ ನನಗೆ ಗೊತ್ತು. ನಮ್ಮಿಬ್ಬರಿಗೂ ಒಬ್ಬನೇ ಮೆಕ್ಯಾನಿಕ್. ಹೋದ ವಾರವಷ್ಟೇ ಅವನು ಕಿಸಕ್ಕನೆ ನಕ್ಕು ಹೇಳಿದ್ದ.

"ಸಾಹುಕಾರ್ರಿಗೆ ಮೂಲವ್ಯಾಧಿ ಅಣ್ಣ! ಕುಲುಕಾಟ ತಡೆಯಕ್ಕಾಗಲ್ಲ ಅಂತ ಹಿಂದೆ ಮುಂದೆ ಎರಡೂ ಬಾರ್ ಬಿಚ್ಚಿಸ್ಬಿಟ್ರು. ತಿರುವಲ್ಲಿ ಹುಷಾರು ಅಂದೆ... ನಂಗೇ ಬೈದ್ರು!"

ಧಡ್! ಬಂಪರ್‌ಗೆ ಗುದ್ದಿದರು.

"ಮುದುಕೀನ ಇಳ್ಸೋ!" ದಾಂಡಿಗನೊಬ್ಬ ಅರಚಿದ.

ಅತ್ತೆ ಕಿಟಕಿಯಿಂದ ತಲೆ ಹೊರಹಾಕಿದರು. "ಯಾರೋ ಮುದುಕಿ? ನಿಮ್ಮಜ್ಜಿ!"

"ಅತ್ತೆ! ಒಳಗೆ!"

ಎದುರಿಗೆ ಗುಡ್ಡದ ರಸ್ತೆ. ಹೊಸ ಟಾರು, ನುಣ್ಣಗಿತ್ತು. ಮುಂದೆ ಬಲಕ್ಕೊಂದು ಭಾರೀ ತಿರುವು... ಹೆದರಿದ್ದೆ, ಸುಳ್ಳೇಕೆ?

"ಗಟ್ಟಿಯಾಗಿ ಹಿಡ್ಕೊಳ್ಳಿ ಅತ್ತೆ. ಬ್ರೇಕ್ ಹಾಕಲ್ಲ."

"ಮದುವೆ ದಿನಾನೇ ಅಂದ್ಕೊಂಡೆ, ಈ ಅಳಿಯಂಗೆ ಸ್ಕ್ರೂ ಲೂಸು ಅಂತ!"

ಸ್ಟೀರಿಂಗ್ ತಿರುಗಿಸಿದೆ. ಟೈರು ಕಿರುಚಿತು. ಕಾರು ಮಾತ್ರ ಹೆಚ್ಚು ವಾಲದೆ, ರಸ್ತೆಗೆ ಕಚ್ಚಿಕೊಂಡೇ ತಿರುಗಿತು.

ಕನ್ನಡಿ ನೋಡಿದೆ. ಜೀಪು ಎಡಕ್ಕೆ ವಾಲಿತು... ಇನ್ನೂ ವಾಲಿತು... ಬಲಗಡೆಯ ಚಕ್ರಗಳೆರಡೂ ಗಾಳಿಯಲ್ಲಿ!

ಧಡಾರ್!

ಕಾರು ನಿಲ್ಲಿಸಿ ಓಡಿದೆ. ಜೀಪು ನಾಲ್ಕೂ ಚಕ್ರ ಮೇಲೆ ಮಾಡಿ ಬಿದ್ದಿತ್ತು. ದಾಂಡಿಗರು ಹೇಗೋ ಹೊರಗೆ ತೆವಳಿ, ಕುಂಟುತ್ತಾ ಕಾಲಿಗೆ ಬುದ್ಧಿ ಹೇಳಿದರು. ರಸ್ತೆಯಲ್ಲಿ ಬಿದ್ದಿದ್ದ ಪಿಸ್ತೂಲು ಎತ್ತಿಕೊಂಡೆ. ಸಾಹುಕಾರ ಸೀಟ್ ಬೆಲ್ಟಿನಲ್ಲಿ ಬಾವಲಿಯಂತೆ ನೇತಾಡುತ್ತಿದ್ದ. ಅತ್ತೆ ಸೊಂಟ ಹಿಡಿದುಕೊಂಡೇ ಬಗ್ಗಿ, ಅವನ ಮುಖವನ್ನು ಸಾವಕಾಶವಾಗಿ ನೋಡಿದರು.

"ಇವ್ನೇ, ಅಳಿಯಂದ್ರೇ."

ಪೊಲೀಸರಿಗೆ ಫೋನ್ ಹಚ್ಚಿದೆ.

ಮಧ್ಯಾಹ್ನ ಕೋರ್ಟು. ಕುತ್ತಿಗೆಗೆ ಪಟ್ಟಿ ಬಿಗಿಸಿಕೊಂಡ ಸಾಹುಕಾರ ಕಟಕಟೆಯಲ್ಲಿ ನಿಂತಿದ್ದ. ಅವನ ಲಾಯರು ಅತ್ತೆಯತ್ತ ತಿರುಗಿ ಹುಸಿನಗೆ ನಕ್ಕ.

"ನಿಮ್ಮ ಕಣ್ಣಿಗೆ ಪೊರೆ ಬಂದಿದೆಯಂತಲ್ಲ ಅಮ್ಮ? ಅಷ್ಟು ದೂರದಿಂದ ನೋಡಿದ್ದು ಇವರನ್ನೇ ಅಂತ ಹೇಗೆ ಹೇಳ್ತೀರಿ?"

"ನೆಟ್ಟಗೂ ನೋಡಿದೀನಿ, ತಲೆಕೆಳಗಾಗೂ ನೋಡಿದೀನಿ ಸ್ವಾಮಿ," ಅಂದರು ಅತ್ತೆ. "ಹೆಂಗೆ ತಿರುಗಿಸಿದ್ರೂ ಇವ್ನೇ!"